ಬೆಂಗಳೂರಿನ ಅತಿ ವೇಗದ ಬ್ಯಾಂಡು

ನಮ್ಮ ಬ್ಯಾಂಡಿನ ಅತಿ ಉದ್ದದ ಹಾಡು ಒಂದು ನಿಮಿಷ ಹತ್ತು ಸೆಕೆಂಡಿನದು. ಅತಿ ಚಿಕ್ಕದು ಹತ್ತೊಂಬತ್ತು ಸೆಕೆಂಡು. ಹದಿಮೂರು ಹಾಡಿನ ಒಂದು ಪೂರ್ತಿ ಶೋ ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಹಾರ್ಡ್‌ಕೋರ್ ಪಂಕ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇಷ್ಟೇ ಹೇಳುತ್ತೇನೆ. ಗಿಟಾರಿನಲ್ಲಿ ಮೂರೇ ಕಾರ್ಡು, ಅಂದರೆ ಒಟ್ಟಿಗೆ ಮೀಟುವ ಮೂರೇ ಸ್ವರಗುಂಪು, ಡ್ರಮ್ಮಿನಲ್ಲಿ ಒಂದೇ ಹೊಡೆತ, ಎರಡನ್ನೂ ಕೈಲಾಗುವಷ್ಟು ಬೇಗ ಬಾರಿಸಬೇಕು. ಅದರ ಮೇಲೆ ಒಬ್ಬ ನಿಂತು ಕಿರುಚಬೇಕು. ರಾಗ ಎಳೆಯುವ ಹಾಗಿಲ್ಲ, ಗಿಟಾರಿನವನು ಮುಂದೆ ಬಂದು ಕಸರತ್ತು ತೋರಿಸುವ ಹಾಗಿಲ್ಲ. ಮನಸ್ಸಿನಲ್ಲಿ ಕೊಳೆಯುತ್ತಿರುವುದನ್ನು ಎತ್ತಿ ಎಸೆದು ಕೆಳಗಿಳಿಯಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಗೀತ ಪ್ರಪಂಚದಲ್ಲೇ ಇಲ್ಲ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ಆದರೆ ಈಗ ಒಂದು ಹಾಡನ್ನೂ ಪೂರ್ತಿ ಕೇಳಲಾರೆ, ಅದಕ್ಕೆ ಕಾರಣ ಬೇರೆ.

ನಾವಿದ್ದದ್ದು ಮೂರೇ ಜನ. ಗಿಟಾರ್ ನನ್ನದು. ಡ್ರಮ್ಮರ್ ಓಕಳಿಪುರಂನವನು, ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸಿ ಮಣಿಕಟ್ಟು ಕಬ್ಬಿಣ ಮಾಡಿಕೊಂಡಿದ್ದವನು. ಮೂರನೆಯವನು ನಮ್ಮ ಹಾಡುಗಾರ, ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದ ನನ್ನ ಹೈಸ್ಕೂಲ್ ಗೆಳೆಯ. ಬೇಸ್ ಗಿಟಾರಿಗೆ ಕೊನೆಯವರೆಗೂ ಜನ ಸಿಗಲಿಲ್ಲ. ಪ್ರಾಕ್ಟೀಸ್ ನಡೆಯುತ್ತಿದ್ದದ್ದು ಕಾಟನ್‌ಪೇಟೆಯಲ್ಲಿ, ನಮ್ಮ ತಂದೆಯ ಹಾಸಿಗೆ ಅಂಗಡಿಯ ಹಿಂದಿದ್ದ ಗೋಡೌನಿನಲ್ಲಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತಿತ್ತು. ಸೂರಿನ ತನಕ ಪೇರಿಸಿದ ಹತ್ತಿ ಮೂಟೆಗಳು ಸದ್ದನ್ನೆಲ್ಲ ನುಂಗಿಬಿಡುತ್ತಿದ್ದವು. ಒಳಗೆ ನಾವು ಸಾಯುವಷ್ಟು ಗಲಾಟೆ ಮಾಡುತ್ತಿದ್ದರೂ ಹೊರಗೆ ಶಟರಿನ ಮುಂದೆ ಕಡಲೆಕಾಯಿ ಮಾರುವವನಿಗೆ ಏನೂ ಕೇಳುತ್ತಿರಲಿಲ್ಲ. ಮುಗಿದ ಮೇಲೆ ಹತ್ತಿಯ ದೂಳಿಗೆ ಮೂವರ ಹುಬ್ಬೂ ಬೆಳ್ಳಗಾಗಿರುತ್ತಿತ್ತು.

ನಮಗೆ ಗುರು ಅಂತ ಇದ್ದದ್ದು ಒಂದು ಕ್ಯಾಸೆಟ್. ಡ್ರಮ್ಮರ್‌ಗೆ ಪರಿಚಯದ ಒಬ್ಬರು ಹೊರದೇಶದಿಂದ ತಂದದ್ದು, ಒಂದೇ ದಿನಕ್ಕೆ ಅಂತ ಕೊಟ್ಟಿದ್ದರು. ಅದನ್ನು ಕಾಪಿ ಮಾಡುವ ಕೆಲಸ ನನಗೆ ಬಂತು, ಯಾಕೆಂದರೆ ಮೆಷೀನು ಬಿಚ್ಚಿ ಜೋಡಿಸುವ ಹುಚ್ಚು ನನಗಿತ್ತು. ಯಾರೂ ಕಲಿಸಿದ್ದಲ್ಲ. ಮನೆಯ ಟೂ-ಇನ್-ಒನ್ ಆಗ ಎಳೆದು ಎಳೆದು ಓಡುತ್ತಿತ್ತು. ಹಿಂಬದಿ ತೆಗೆದೆ. ಮೋಟಾರಿನ ಬೆನ್ನಿನಲ್ಲಿ ಒಂದು ಸಣ್ಣ ತೂತು, ಅದರೊಳಗೆ ವೇಗದ ಸ್ಕ್ರೂ. ಅತ್ತ ತಿರುಗಿಸಿದರೆ ಟೇಪು ಬೇಗ ಓಡುತ್ತದೆ, ಇತ್ತ ತಿರುಗಿಸಿದರೆ ನಿಧಾನ. ಸರಿಯಾದ ವೇಗ ಯಾವುದು ಅಂತ ಅಳೆಯಲು ನನ್ನ ಬಳಿ ಏನೂ ಇರಲಿಲ್ಲ, ಕಿವಿಗೆ ಚುರುಕು ಅನ್ನಿಸುವವರೆಗೆ ತಿರುಗಿಸಿ ಮುಚ್ಚಳ ಹಾಕಿದೆ. ಆಮೇಲೆ ಡ್ರಮ್ಮರ್‌ನ ಟೇಪ್‌ರೆಕಾರ್ಡರಿಗೆ ವೈರ್ ಸಿಕ್ಕಿಸಿ, ನನ್ನ ಮೆಷೀನಿನಲ್ಲಿ ಒರಿಜಿನಲ್ ಹಾಕಿ, ಅವನದರಲ್ಲಿ ಖಾಲಿ ಕ್ಯಾಸೆಟ್ ಹಾಕಿ ರೆಕಾರ್ಡ್ ಒತ್ತಿದೆ. ಮಾರನೇ ದಿನ ಒರಿಜಿನಲ್ ವಾಪಸ್ ಹೋಯಿತು.

ಆ ವಾರವೇ ಅಜ್ಜಿ ತಮ್ಮ ವಚನಗಳ ಕ್ಯಾಸೆಟ್ ಹಾಕಿಕೊಂಡು ನನ್ನನ್ನು ಕೂಗಿದ್ದರು.

"ಲೋ, ಬಾರೋ ಇಲ್ಲಿ. ಇವರ್‍ಯಾಕೆ ಬಸ್ ಹಿಡಿಯೋರ್ ಥರ ಹಾಡ್ತಿದಾರೆ?"

"ರಿಪೇರಿ ಆಗಿದೆ ಅಜ್ಜಿ, ಇವಾಗ ಕರೆಕ್ಟಾಗಿದೆ."

"ಏನ್ ಕರೆಕ್ಟೋ, ಮಗು ಧ್ವನಿ ಬಂದಂಗಿದೆ."

ನಾನು ನಕ್ಕು ಹೊರಗೆ ಹೋದೆ.

ನಾನು ಕಾಪಿ ಮಾಡಿದ ಆ ಕ್ಯಾಸೆಟ್ ನಮ್ಮ ಮೂವರಿಗೂ ಹುಚ್ಚು ಹಿಡಿಸಿತು. ಅಷ್ಟು ವೇಗವಾಗಿ ಮನುಷ್ಯರು ನುಡಿಸಬಲ್ಲರು ಅಂತ ನಮಗೆ ಗೊತ್ತಿರಲಿಲ್ಲ. ಗಿಟಾರನ್ನು ಟೇಪಿಗೆ ಹೊಂದಿಸಿ ಶ್ರುತಿ ಮಾಡಲು ಹೋದರೆ ತಂತಿ ಪಟಪಟ ಹರಿದುಹೋಗುತ್ತಿದ್ದವು. ಡ್ರಮ್ಮರ್ ಗಂಭೀರವಾಗಿ ಹೇಳಿದ, "ಅವರ ತಂತಿ ಫಾರಿನ್ನು ಮಗಾ. ನಿಂದು ಮಾಮೂಲ್‌ಪೇಟೆ ಮಾಲು." ನಾನೂ ನಂಬಿದೆ. ಅವನು ಮನೆಯಲ್ಲಿ ಹಾಸಿಗೆ ಮಡಚಿಟ್ಟು ಅದರ ಮೇಲೆ ದಿನಕ್ಕೆ ಮೂರು ಗಂಟೆ ಬಾರಿಸಿ ನಾಲ್ಕು ತಿಂಗಳಲ್ಲಿ ಆ ವೇಗ ಮುಟ್ಟಿದ. ನಾನು ಎರಡು ಬೆರಳಿನ ಚರ್ಮ ಕಳೆದುಕೊಂಡು ಮುಟ್ಟಿದೆ. ಉಳಿದದ್ದು ಹಾಡುಗಾರನ ಗಂಟಲು.

ಅವನ ಗಂಟಲಿನ ವಿಷಯ ಹೇಳಬೇಕು. ಅವರದು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ಬೆಳಿಗ್ಗೆ ಮಾಲೂರು, ಹೊಸಕೋಟೆ ಕಡೆಯ ಗಾಡಿಗಳು ಬಂದು ಟೊಮೆಟೊ, ಬೀನ್ಸು, ನವಿಲುಕೋಸು ಇಳಿಸಿದ ಮೇಲೆ ಅದನ್ನು ಕೂಗಿ ಹರಾಜು ಹಾಕಬೇಕು. ತಾತ ಕೂಗುತ್ತಿದ್ದರು, ಅಪ್ಪ ಕೂಗುತ್ತಿದ್ದರು, ಹದಿನೇಳನೇ ವಯಸ್ಸಿನಿಂದ ಇವನು. ಒಂದೇ ಉಸಿರಿಗೆ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಬೆರೆಸಿ ಕೂಗಿದರೆ ಮೂರು ಸಾಲು ಆಚೆ ಇದ್ದವನೂ ತಿರುಗಿ ನೋಡುತ್ತಿದ್ದ. ಆ ಧ್ವನಿಗೆ ಖರೀದಿದಾರರು ಬರುತ್ತಿದ್ದರು, ಖರೀದಿದಾರರು ಬರುತ್ತಾರೆಂದು ರೈತರು ಬರುತ್ತಿದ್ದರು. ಮಂಡಿ ನಿಂತದ್ದೇ ಅದರ ಮೇಲೆ. ನಾನು ಅವನನ್ನು ಬ್ಯಾಂಡಿಗೆ ಕರೆದದ್ದೂ ಅದಕ್ಕೇ.

ಕ್ಯಾಸೆಟ್ಟಿನ ಇಂಗ್ಲಿಷ್ ಪದ ಅವನಿಗೂ ಅರ್ಥವಾಗುತ್ತಿರಲಿಲ್ಲ, ನಮಗೂ ಅಷ್ಟಕ್ಕಷ್ಟೇ. ಹಾಗಾಗಿ ನಮ್ಮದೇ ಹಾಡು ಕಟ್ಟಿದೆವು, ಕನ್ನಡದಲ್ಲಿ. ಬೀದಿ ನಲ್ಲಿಯ ಮುಂದಿನ ಕೊಡಗಳ ಸಾಲಿನ ಮೇಲೆ ಒಂದು, ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿಯ ಮೇಲೆ ಒಂದು, ಮಗನನ್ನು ಎಲ್ಲರ ಎದುರು ಬೈಯುವ ಅಪ್ಪನ ಮೇಲೆ ಒಂದು. ವೇಗ ಮಾತ್ರ ಕ್ಯಾಸೆಟ್ಟಿನದೇ. ಧ್ವನಿಯ ಎತ್ತರವೂ ಕ್ಯಾಸೆಟ್ಟಿನದೇ. ಅದರಲ್ಲಿದ್ದ ಗಾಯಕ ತಗಡು ಹರಿದ ಹಾಗೆ ತೆಳ್ಳಗೆ, ವಿಪರೀತ ಮೇಲೆ ಕಿರುಚುತ್ತಿದ್ದ. ನಮ್ಮವನದು ಹೊಟ್ಟೆಯಿಂದ ಬರುವ ದಪ್ಪ ಧ್ವನಿ. ಅಲ್ಲಿಗೆ ಏರಲು ಅವನು ಕತ್ತಿನ ನರ ಹಗ್ಗದಂತೆ ಉಬ್ಬಿಸಿಕೊಂಡು, ಮೂಟೆಗೆ ಹಣೆ ಒತ್ತಿಕೊಂಡು ಕಿರುಚುತ್ತಿದ್ದ.

"ಸ್ವಲ್ಪ ಕೆಳಗೇ ಹಾಡು ಗುರು, ಏನಾಗುತ್ತೆ" ಅಂದ ಒಂದು ದಿನ ಡ್ರಮ್ಮರ್.

"ಅವ್ನು ಮಾಡ್ತಾವ್ನಲ್ಲ" ಅಂದ ಹಾಡುಗಾರ, ಟೇಪ್‌ರೆಕಾರ್ಡರಿನ ಕಡೆ ಬೆರಳು ತೋರಿಸಿ. "ಅವ್ನ ಗಂಟಲೇನ್ ಹಿತ್ತಾಳೆದಾ? ಅವ್ನಿಗಾದ್ರೆ ನಂಗ್ಯಾಕಾಗಲ್ಲ?"

ಮೊದಲ ಶೋ ಓಕಳಿಪುರಂನ ಒಂದು ಸಮುದಾಯ ಭವನದಲ್ಲಿ, ಭಾನುವಾರ ಸಂಜೆ ನಾಲ್ಕು ಗಂಟೆಗೆ. ಗೋಡೆಯ ಆಚೆಯೇ ರೈಲು ಹಳಿ. ಸುಮಾರು ನಲವತ್ತು ಜನ ಸೇರಿದ್ದರು, ಅರ್ಧ ಡ್ರಮ್ಮರ್‌ನ ಬೀದಿಯವರು. ಡ್ರಮ್ಮರ್ ಕಡ್ಡಿಗೆ ಕಡ್ಡಿ ಬಡಿದು ನಾಲ್ಕು ಎಣಿಸಿದ, ಆಮೇಲೆ ನನಗೆ ನೆನಪಿರುವುದು ತುಂಡು ತುಂಡು. ಹಾಡುಗಾರ ಮೈಕ್ ಹಿಡಿದುಕೊಂಡೇ ಜನರ ಮಧ್ಯೆ ಹಾರಿದ. ಯಾರೋ ಇಬ್ಬರು ಒಬ್ಬರಿಗೊಬ್ಬರು ಭುಜ ಗುದ್ದಿಕೊಳ್ಳತೊಡಗಿದರು, ಅದು ಹತ್ತು ಜನಕ್ಕೆ ಹಬ್ಬಿತು. ಬಿದ್ದವನನ್ನು ನಾಲ್ಕು ಕೈ ಎತ್ತಿ ನಿಲ್ಲಿಸಿದವು. ಒಬ್ಬನ ತುಟಿ ಒಡೆದು ರಕ್ತ ಬಂತು, ಅವನು ನಗುತ್ತಿದ್ದ. ನಲ್ಲಿ ನೀರಿನ ಹಾಡಿನ ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಇಡೀ ಮುಂದಿನ ಸಾಲು ಮೈಕಿಗೆ ಬಾಯಿ ಹಚ್ಚಿ ಕೂಗುತ್ತಿತ್ತು. ರೈಲು ಹೋಯಿತು, ಅದರ ಸದ್ದು ನಮಗೆ ಕೇಳಿಸಲಿಲ್ಲ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಭವನದ ಕಾರ್ಯದರ್ಶಿ ಓಡಿಬಂದರು. "ಏನ್ರಯ್ಯಾ ಇದು? ಸಂಗೀತ ಕಾರ್ಯಕ್ರಮ ಅಂದ್ರಿ, ಹೊಡೆದಾಟ ಅಂತ ಹೇಳ್ಳೇ ಇಲ್ವಲ್ಲ!"

"ಸಾರ್, ಇದೇ ಕಾರ್ಯಕ್ರಮ" ಅಂದ ಡ್ರಮ್ಮರ್.

"ಯಾವಾಗ ಮುಗಿಯುತ್ತೆ?"

"ಮುಗೀತು ಸಾರ್."

ಅಲ್ಲಿಗೆ ಮಲ್ಲೇಶ್ವರದಿಂದ ಒಬ್ಬ ಬಂದಿದ್ದ. ನಮಗಿಂತ ನಾಲ್ಕೈದು ವರ್ಷ ದೊಡ್ಡವನು, ಊರಿನಲ್ಲಿ ಇಂಥ ಶೋಗಳನ್ನು ಏರ್ಪಡಿಸುತ್ತಿದ್ದವನು. "ಗುರು, ಇಷ್ಟು ಫಾಸ್ಟ್ ಬ್ಯಾಂಡು ನಾನ್ ನೋಡೇ ಇಲ್ಲ" ಅಂದ. ಆಮೇಲೆ ಅವನು ಹಂಚಿದ ಜೆರಾಕ್ಸ್ ಪೋಸ್ಟರುಗಳಲ್ಲಿ ನಮ್ಮ ಹೆಸರಿನ ಕೆಳಗೆ ಯಾವಾಗಲೂ ಒಂದು ಸಾಲು ಇರುತ್ತಿತ್ತು: ಬೆಂಗಳೂರಿನ ಅತಿ ವೇಗದ ಬ್ಯಾಂಡು. ನಾನು ಅದರ ಒಂದು ಪ್ರತಿ ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ್ದೆ.

ಆರು ಶೋ ಆಗುವಷ್ಟರಲ್ಲಿ ಹಾಡುಗಾರನ ಧ್ವನಿ ಕೆಡತೊಡಗಿತು. ಮೊದಲು ಸೋಮವಾರ ಮಾತ್ರ ಗೊಗ್ಗರು. ಆಮೇಲೆ ಬುಧವಾರದ ತನಕ. ಮೆಣಸಿನ ಕಷಾಯ, ಜ್ಯೇಷ್ಠಮಧು, ಉಪ್ಪುನೀರು ಎಲ್ಲ ಆಯಿತು. ಒಂದು ಬೆಳಿಗ್ಗೆ ಹರಾಜಿನ ಮಧ್ಯೆ ಧ್ವನಿ ಎರಡಾಗಿ ಸೀಳಿತು, ಸುತ್ತ ನಿಂತಿದ್ದವರು ನಕ್ಕರು. ಪಕ್ಕದ ಮಂಡಿಯವನು "ಏನಣ್ಣೋ, ಹುಂಜ ನುಂಗಿದ್ಯಾ?" ಅಂದನಂತೆ. ಅವನ ಅಪ್ಪ ಮಗನನ್ನು ಏನೂ ಅನ್ನಲಿಲ್ಲ, ನೇರ ನಮ್ಮ ಮನೆಯ ಗೇಟಿಗೆ ಬಂದರು.

"ನೋಡಪ್ಪ, ನಿಂಗೆ ಹಾಸಿಗೆ ಅಂಗಡಿ ಐತೆ. ನೀನು ಮೂಗನಾದ್ರೂ ಹಾಸಿಗೆ ಮಾರ್ಬಹುದು. ಅವ್ನಿಗೆ ಆ ಗಂಟಲು ಬಿಟ್ರೆ ಇನ್ನೇನೈತೆ ಹೇಳು?"

ಅವರು ಹೋದ ಮೇಲೆ ನಾನೇ ಅವನನ್ನು ಬಸವನಗುಡಿಯ ಒಬ್ಬ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಂಟಲಿಗೆ ಸಣ್ಣ ಕನ್ನಡಿ ಇಳಿಸಿ ನೋಡಿ ಹೇಳಿದರು, "ಕಾಲಲ್ಲಿ ಆಣಿ ಆಗುತ್ತಲ್ಲ, ಹಂಗೆ ಧ್ವನಿ ಪೆಟ್ಟಿಗೇಲಿ ಗಂಟಾಗಿದೆ. ಆರು ವಾರ ಮಾತಾಡ್ಬೇಡಿ. ಪಿಸುಮಾತೂ ಬೇಡ. ಆಮೇಲೆ ಸಹಜವಾದ ಧ್ವನೀಲಿ ಕೂಗಿ, ಪರವಾಗಿಲ್ಲ. ಆದ್ರೆ ಆ ಮೇಲಿನ ಕಿರುಚಾಟ ಮತ್ತೆ ಮಾಡಿದ್ರೆ ಇದು ಒಡೆದು ರಕ್ತ ಕಟ್ಟುತ್ತೆ. ಆಗ ನನ್ನ ಕೈಲೇನೂ ಇರಲ್ಲ."

ಆರು ವಾರ ಅವನು ನಿಜವಾಗಿ ಬಾಯಿ ಬಿಡಲಿಲ್ಲ. ಮಂಡಿಯಲ್ಲಿ ಅಪ್ಪನೇ ಒಣಗಿದ ಗಂಟಲಿನಲ್ಲಿ ಕೂಗುತ್ತಿದ್ದರು, ಇವನು ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಭಾನುವಾರ ಗೋಡೌನಿಗೆ ಬಂದು ಮೂಟೆಯ ಮೇಲೆ ಕೂತು ನಮ್ಮ ಪ್ರಾಕ್ಟೀಸ್ ಕೇಳುತ್ತಿದ್ದ. ಟೇಪ್ ಹಾಕಿ, ಕಣ್ಣು ಮುಚ್ಚಿ, ಆ ಗಾಯಕ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಅಂತ ಹುಡುಕುತ್ತಿದ್ದ. ಒಂದು ಚೀಟಿಯಲ್ಲಿ ಬರೆದು ತೋರಿಸಿದ: "ಇವ್ನು ಉಸಿರೇ ತಗೊಳ್ಳಲ್ಲ ಮಗಾ. ಇದ್ರಲ್ಲಿ ಏನೋ ಟೆಕ್ನಿಕ್ ಇದೆ. ನಾನ್ ತಪ್ಪು ಮಾಡ್ತಿದೀನಿ." ತಪ್ಪು ತನ್ನದೇ ಅಂತ ಅವನು ತೀರ್ಮಾನಿಸಿಬಿಟ್ಟಿದ್ದ.

ಆರು ವಾರ ಮುಗಿಯುವ ಹೊತ್ತಿಗೆ ಗಾಂಧಿಬಜಾರಿನ ಹತ್ತಿರದ ಒಂದು ಹಾಲ್‌ನಲ್ಲಿ ದೊಡ್ಡ ಶೋ ನಿಶ್ಚಯವಾಯಿತು. ಹೊರರಾಜ್ಯದಿಂದ ಒಂದು ಬ್ಯಾಂಡು ಬರುತ್ತಿತ್ತು, ನಾವು ಅದಕ್ಕೂ ಮುಂಚೆ ನುಡಿಸಬೇಕು. ಪೋಸ್ಟರ್ ತರಲು ನಾನು ಮಲ್ಲೇಶ್ವರಕ್ಕೆ, ಶೋ ಏರ್ಪಡಿಸುತ್ತಿದ್ದವನ ಮನೆಗೆ ಹೋದೆ. ಅದು ಶೋಗೆ ಹನ್ನೊಂದು ದಿನ ಮುಂಚೆ. ಅವನು ಹೊಸದಾಗಿ ಸಿಡಿ ಪ್ಲೇಯರ್ ತೆಗೆದುಕೊಂಡಿದ್ದ. "ನಿಮ್ಮ ಗುರುಗಳು ಸಿಕ್ಕಿದಾರೆ ನೋಡು" ಅಂತ ಹೇಳಿ ನಮ್ಮ ಕ್ಯಾಸೆಟ್ಟಿನ ಬ್ಯಾಂಡಿನ ಸಿಡಿ ಹಾಕಿದ.

ಮೊದಲ ಹಾಡು ಶುರುವಾದಾಗ ನನಗೆ ಅದು ಬೇರೆ ಯಾರೋ ಅನ್ನಿಸಿತು. ಅದೇ ಕಾರ್ಡುಗಳು, ಆದರೆ ಭಾರವಾಗಿ, ನೆಲದ ಮೇಲೆ ಕಾಲೂರಿ ನಡೆಯುತ್ತಿದ್ದವು. ಗಾಯಕನದು ದಪ್ಪ ಧ್ವನಿ, ಹೊಟ್ಟೆಯಿಂದ ಬರುವುದು. ಸಾಲು ಸಾಲಿನ ಮಧ್ಯೆ ಅವನು ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು.

"ನಿಮ್ಮ ಮೆಷೀನು ಸ್ಲೋ ಇದೆ" ಅಂದೆ.

ಅವನು ನಕ್ಕ. "ಸಿಡಿ ಎಲ್ಲಾದ್ರೂ ಸ್ಲೋ ಆಗುತ್ತಾ ಗುರು? ಇವರು ಇರೋದೇ ಇಷ್ಟು. ನೀವೇ ಇವರಿಗಿಂತ ಫಾಸ್ಟು. ಅದಕ್ಕೇ ತಾನೇ ನಿಮ್ಮನ್ನ ಕರೀತಿರೋದು?"

ಮನೆಗೆ ಬಂದು ಟೂ-ಇನ್-ಒನ್‌ನ ಹಿಂಬದಿ ತೆಗೆದೆ. ಅಜ್ಜಿಯ ಕ್ಯಾಸೆಟ್ ಹಾಕಿ, ಅದನ್ನೇ ಪಕ್ಕದ ಮನೆಯ ಮೆಷೀನಿನಲ್ಲಿ ಹಾಕಿ ಹೋಲಿಸಿದೆ. ನಾನು ಸ್ಕ್ರೂವನ್ನು ಬಹಳ ಹೆಚ್ಚು ತಿರುಗಿಸಿದ್ದೆ. ವೇಗ ಏರಿದಾಗ ಧ್ವನಿಯೂ ಮೇಲೇರಿತ್ತು. ನಮ್ಮ ಕ್ಯಾಸೆಟ್ಟಿನಲ್ಲಿ ಕಿರುಚುತ್ತಿದ್ದವನು ಮನುಷ್ಯನೇ ಅಲ್ಲ, ನನ್ನ ಮೋಟಾರು. ಎರಡು ವರ್ಷದಿಂದ ನನ್ನ ಗೆಳೆಯ ಒಂದು ಮೋಟಾರಿನ ಜೊತೆ ಪೈಪೋಟಿಗೆ ಬಿದ್ದಿದ್ದ.

ಅವತ್ತೇ ಹೇಳಬೇಕಿತ್ತು. ಎರಡು ರಸ್ತೆ ದಾಟಿದರೆ ಅವನ ಮನೆ. ಹೇಳಿದ್ದರೆ ಗಿಟಾರಿನ ಶ್ರುತಿ ಇಳಿಸಿ, ವೇಗ ಇಳಿಸಿ, ಅವನ ಹರಾಜಿನ ಧ್ವನಿಯಲ್ಲೇ ಎಲ್ಲ ಹಾಡನ್ನೂ ಹಾಡಬಹುದಿತ್ತು, ಡಾಕ್ಟರೂ ಅದಕ್ಕೆ ಬೇಡ ಅಂದಿರಲಿಲ್ಲ. ನಾನು ಹೇಳಲಿಲ್ಲ. ನನ್ನ ಕೈಚೀಲದಲ್ಲಿ ಐವತ್ತು ಪೋಸ್ಟರಿದ್ದವು, ಎಲ್ಲದರ ಮೇಲೂ ಆ ಸಾಲು. ವೇಗ ಬಿಟ್ಟರೆ ನಾವು ಏನು? ಮೂರು ಕಾರ್ಡು ಬರುವ ಮೂರು ಜನ. ಈ ಒಂದು ಶೋ ಆಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಹನ್ನೊಂದು ದಿನವೂ ಅದನ್ನೇ ಅಂದುಕೊಂಡೆ.

ಶೋ ದಿನ ಹಾಲ್ ತುಂಬಿತ್ತು. ಹಾಡುಗಾರ ಹಿಂದಿನ ಬಾಗಿಲಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದ.

"ಹೆಂಗಿದೆ?" ಅಂದೆ.

"ಫಸ್ಟ್ ಕ್ಲಾಸ್. ಇವತ್ತು ಅವ್ನಿಗೆ ತೋರಿಸ್ತೀನಿ" ಅಂದ. ಅವನು ಅಂದದ್ದು ಕ್ಯಾಸೆಟ್ಟಿನವನಿಗೆ.

ಮೊದಲ ನಾಲ್ಕು ಹಾಡು ಅದ್ಭುತವಾಗಿ ಬಂದವು, ಸುಳ್ಳು ಹೇಳುವುದಿಲ್ಲ. ನೆಲ ನಡುಗುತ್ತಿತ್ತು. ಹೊರರಾಜ್ಯದವರು ಪಕ್ಕದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಐದನೆಯದು ಅಪ್ಪನ ಹಾಡು. ಎರಡನೇ ಸಾಲಿನಲ್ಲಿ ಅವನ ತಲೆ ಒಮ್ಮೆ ಹಿಂದಕ್ಕೆ ಜಗ್ಗಿತು, ಯಾರೋ ಹೊಡೆದ ಹಾಗೆ. ಆಮೇಲೆ ಅವನ ಬಾಯಿ ಅಲ್ಲಾಡುತ್ತಿತ್ತು, ನರ ಉಬ್ಬುತ್ತಿತ್ತು, ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ. ಜನ ಮೈಕ್ ಕೆಟ್ಟಿದೆ ಅಂದುಕೊಂಡರು. ಅವರೇ ಕೂಗಿ ಹಾಡು ಮುಂದುವರಿಸಿದರು. ಡ್ರಮ್ಮರ್‌ಗೆ ಹಿಂದಿನಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಾಣುತ್ತಿದ್ದದ್ದು ನನಗೆ. ಅವನು ನನ್ನ ಕಡೆ ತಿರುಗಿ ಗಂಟಲು ಮುಟ್ಟಿಕೊಂಡ. ನಾನು ಕೈ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನು ಎಂಟು ಹಾಡಿತ್ತು, ಎಂಟನ್ನೂ ನುಡಿಸಿದೆವು. ಅವನು ಎಂಟಕ್ಕೂ ಬಾಯಿ ತೆರೆದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ನೂಕುತ್ತಾ ನಿಂತಿದ್ದ. ಕೆಳಗಿಳಿದು ಕರವಸ್ತ್ರಕ್ಕೆ ಉಗಿದಾಗ ಕೆಂಪಾಗಿತ್ತು.

ಆಪರೇಷನ್ ಆಯಿತು. ಧ್ವನಿ ಅನ್ನುವುದು ವಾಪಸ್ ಬರಲಿಲ್ಲ. ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂಥ ಒಂದು ಸದ್ದು, ಕಿವಿ ಹತ್ತಿರ ತಂದರೆ ಅದರಲ್ಲಿ ಮಾತು ಸಿಗುತ್ತದೆ. ಅವನ ಅಪ್ಪ ಒಂದು ವರ್ಷ ಕೂಗಿ ಕೈಚೆಲ್ಲಿದರು. ಕೂಗುವುದಕ್ಕೆ ಹೊರಗಿನವನೊಬ್ಬನನ್ನು ಇಟ್ಟುಕೊಂಡರು. ಹಳೆಯ ರೈತರಲ್ಲಿ ಅರ್ಧಕ್ಕರ್ಧ ಪಕ್ಕದ ಮಂಡಿಗೆ ಹೋದರು. ಬ್ಯಾಂಡಿನ ಮಾತು ಯಾರೂ ಎತ್ತಲಿಲ್ಲ. ಡ್ರಮ್ಮರ್ ಮತ್ತೆ ಮದುವೆಗಳಿಗೆ ಹೋಗತೊಡಗಿದ, ಅಲ್ಲಿ ಎಲ್ಲರಿಗೂ ತನ್ನ ಕೈವೇಗದ ಕಥೆ ಹೇಳುತ್ತಿದ್ದ.

ನಾನು ಹೇಳಲು ಹೋದದ್ದು ಅದೆಲ್ಲ ಆದ ಮೇಲೆ, ಒಂದು ಬೆಳಿಗ್ಗೆ ಮಾರ್ಕೆಟ್ಟಿಗೆ. ವಾಕ್‌ಮನ್‌ನಲ್ಲಿ ಆ ಸಿಡಿಯಿಂದ ಸರಿಯಾಗಿ ಕಾಪಿ ಮಾಡಿದ ಟೇಪ್ ಇತ್ತು. ಅವನು ಟೊಮೆಟೊ ಕ್ರೇಟುಗಳನ್ನು ಪೇರಿಸುತ್ತಿದ್ದ. ನನ್ನನ್ನು ನೋಡಿ ನಕ್ಕ. ಅವನನ್ನು ಕ್ರೇಟಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು ಸ್ಕ್ರೂ ವಿಷಯ ಹೇಳಿದೆ. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವನ ಕಿವಿಗೆ ಹೆಡ್‌ಫೋನ್ ಹಾಕಿದೆ.

ಅವನು ಅಲುಗಾಡದೆ ಕೇಳಿದ. ಎರಡನೇ ಹಾಡಿಗೆ ತುಟಿ ಅಲ್ಲಾಡತೊಡಗಿತು. ಅವನ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದೆ. ಆ ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲೇ ಇವನೂ ತೆಗೆದುಕೊಳ್ಳುತ್ತಿದ್ದ, ಆರಾಮಾಗಿ. ಅದು ಇವನದೇ ಎತ್ತರ, ಅರವತ್ತು ವರ್ಷದವರೆಗೂ ಹಾಡಬಹುದಾದ ಎತ್ತರ. ಅದು ಅವನಿಗೂ ತಿಳಿಯಿತು, ತಿಳಿದ ಕ್ಷಣ ಮುಖದಲ್ಲಿ ಕಂಡಿತು. ಹೆಡ್‌ಫೋನ್ ತೆಗೆದು ನನ್ನ ತೊಡೆಯ ಮೇಲಿಟ್ಟ. ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದ.

"ನಿಂಗ್ಯಾವಾಗ ಗೊತ್ತಾಯ್ತು?"

ಇದನ್ನು ಕೇಳುತ್ತಾನೆ ಅಂತ ನಾನು ಎಣಿಸಿರಲಿಲ್ಲ. ಸ್ಕ್ರೂ ತಿರುಗಿಸಿದ್ದಕ್ಕೆ ಬೈಗುಳ ತಿನ್ನಲು ತಯಾರಾಗಿ ಬಂದಿದ್ದೆ. ಅವನ ಹಿಂದೆ ಹೊಸಬ ಕೂಗುತ್ತಿದ್ದ, ಧ್ವನಿ ಎರಡು ಸಾಲೂ ದಾಟುತ್ತಿರಲಿಲ್ಲ.

"ಮೊನ್ನೆ" ಅಂದೆ. "ಮೊನ್ನೆ ಮಲ್ಲೇಶ್ವರದಲ್ಲಿ ಕೇಳ್ದೆ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ನನ್ನ ಭುಜ ತಟ್ಟಿದ.

"ಬಿಡು ಮಗಾ. ಬೇಕಂತ ಮಾಡಿದ್ಯಾ? ನಿಂಗೇನ್ ಗೊತ್ತಿತ್ತು."

ನಾನು ಹೆಡ್‌ಫೋನಿನ ವೈರ್ ಸುತ್ತಿಕೊಂಡೆ. ಯಾರೋ ಅವನನ್ನು ಕರೆದರು, ಇನ್ನೊಂದು ಗಾಡಿ ಬಂದಿತ್ತು. ಎದ್ದವನು ಮತ್ತೆ ತಿರುಗಿ ಬಂದು ಬಗ್ಗಿದ. ಅಷ್ಟು ಮಾತಿಗೇ ಅವನ ಗಂಟಲು ನೋಯುತ್ತಿತ್ತು, ಕಣ್ಣಲ್ಲಿ ಗೊತ್ತಾಗುತ್ತಿತ್ತು.

"ಡ್ರಮ್ಮರ್‌ಗೆ ಹೇಳ್ಬೇಡ" ಅಂದ. "ಆ ಸ್ಪೀಡು ಅವ್ನಿಗೆ ಪ್ರಾಣ. ಪಾಪ, ಬೇಜಾರ್ ಮಾಡ್ಕೋತಾನೆ."

"ಹೇಳಲ್ಲ" ಅಂದೆ.